ಇಂಗಿನ ಕೈ

"ಗುರುಗಳೇ, ಆ ಕೊಟ್ರಯ್ಯನಿಗೆ ಇನ್ನು ಯಾವ ಪಾಠ ಕೊಡಲಿ, ತಾವೇ ಹೇಳಿ. ಇಲ್ಲವೇ ಅವನನ್ನು ಊರಿಗೆ ಕಳಿಸಿಬಿಡಲು ಅಪ್ಪಣೆ ಕೊಡಿ."

ಮಠದ ಹಿರಿಯ ಶಿಷ್ಯ ರುದ್ರಮುನಿ ಸಿಟ್ಟಿನಿಂದ ಹೀಗೆ ಕೇಳಿದ. ಕೊಟ್ರಯ್ಯ ನಲವತ್ತು ದಾಟಿದವನು. ಗಾಣದ ಕೆಲಸ ಬಿಟ್ಟು, ನಾಲ್ಕಕ್ಷರ ಕಲಿಯಬೇಕೆಂದು ಮಠಕ್ಕೆ ಬಂದಿದ್ದ. ಅವನಿಗೆ ಪಾಠ ಹೇಳುವ ಹೊಣೆ ರುದ್ರಮುನಿಯದು. ದೊಡ್ಡ ಸ್ತೋತ್ರ ಕೊಟ್ಟರೆ ಕೊಟ್ರಯ್ಯ ಬಾಯಿ ಬಿಡಲಿಲ್ಲ. ಚಿಕ್ಕದು ಕೊಟ್ಟರೂ ಬಿಡಲಿಲ್ಲ. ಕೊನೆಗೆ ಎರಡೇ ಸಾಲಿನದು ಕೊಟ್ಟು ಗದರಿಸಿದರೆ ಅದಕ್ಕೂ ಕಂಬದ ಹಾಗೆ ನಿಂತ. ಅದೇ ಮನುಷ್ಯ ಇವತ್ತು ಅಡುಗೆಮನೆಯಲ್ಲಿ ಕಾಯಿಪಲ್ಲೆ ಹೆಚ್ಚುತ್ತಾ, ಅಡುಗೆಯವರ ಮುಂದೆ, ಮೂರನ್ನೂ ಒಂದಕ್ಷರ ತಪ್ಪದೆ ಹೇಳುತ್ತಿದ್ದ. ಬಾಗಿಲ ಹೊರಗೆ ನಿಂತು ರುದ್ರಮುನಿ ಅದನ್ನು ಕಿವಿಯಾರೆ ಕೇಳಿದ್ದ. ಬೇಕೆಂದೇ ನನಗೆ ಅವಮಾನ ಮಾಡುತ್ತಿದ್ದಾನೆ ಎಂದು ಸಿಡಿದೆದ್ದು, ಒಳಗೆ ನುಗ್ಗಿ, ಎಲ್ಲರೆದುರೇ ಅವನ ಕೆನ್ನೆಗೊಂದು ಬಾರಿಸಿ ಬಂದಿದ್ದ.

ಗುರುಗಳ ಮುಖವೂ ಕೆಂಪಾಯಿತು. ಸಿಟ್ಟು ಯಾರ ಮೇಲೆ ಎಂಬುದು ರುದ್ರಮುನಿಗೆ ತಿಳಿಯಲಿಲ್ಲ. "ಕುಳಿತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ," ಎಂದು ಅವರು ಶುರುಮಾಡಿದರು.

ಒಬ್ಬ ಇಂಗಿನ ವ್ಯಾಪಾರಿ ಇದ್ದ. ದೂರದ ದೇಶದಿಂದ ಬಂದ ಹಸಿ ಇಂಗನ್ನು ಹಿಟ್ಟಿನ ಜೊತೆ ಕಲಸಿ, ಉಂಡೆ ಕಟ್ಟಿ ಮಾರುವುದು ಅವನ ಕಸುಬು. ಕಲಸುವ ಕೆಲಸವನ್ನು ಆಳುಗಳಿಗೆ ಬಿಟ್ಟವನಲ್ಲ. ಹದ ಕೆಟ್ಟರೆ ಹೆಸರು ಕೆಡುತ್ತದೆ ಎಂದು ಮೂವತ್ತು ವರ್ಷ ತಾನೇ ಮೊಣಕೈ ತನಕ ಕೈ ಹಾಕಿ ಕಲಸಿದವನು. ದುಡಿಮೆಗಾರ, ಒಪ್ಪೋಣ. ಆದರೆ ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲೇ.

ಅವನು ಮನೆ ಕಾಯಲೆಂದು ಒಂದು ಬೇಟೆನಾಯಿ ತಂದ. ಹೊಲ ಗುಡ್ಡ ಓಡಿ ಬೆಳೆದ ನಾಯಿ. ಅಂಥದ್ದನ್ನು ಹಗಲಿಡೀ ಹಿತ್ತಲಲ್ಲಿ ಕಟ್ಟಿಹಾಕಿದರೆ ಅದೇನು ಜಪ ಮಾಡುತ್ತಾ ಕೂರುತ್ತದೆಯೇ? ಚಪ್ಪಲಿ ಕಚ್ಚಿತು, ಚೀಲ ಹರಿಯಿತು, ಬಾಗಿಲ ಚೌಕಟ್ಟು ಕೆರೆಯಿತು. ವ್ಯಾಪಾರಿ ಕೆಂಡಾಮಂಡಲವಾದ. ಅಮಾವಾಸ್ಯೆಯೊಳಗೆ ಇದು ದಾರಿಗೆ ಬರದಿದ್ದರೆ ಹೊಳೆ ದಾಟಿಸಿ ಕಾಡಿಗೆ ಬಿಟ್ಟು ಬರುತ್ತೇನೆ ಎಂದು ಹೆಂಡತಿಗೆ ಹೇಳಿದ. ಹೊಳೆಯಾಚೆಯದು ಚಿರತೆಗಳ ಕಾಡು. ಅಲ್ಲಿ ಬಿಟ್ಟ ನಾಯಿ ಎರಡು ದಿನ ಉಳಿಯುವ ಮಾತಿರಲಿಲ್ಲ. ಹೆಂಡತಿಗೆ ಅಯ್ಯೋ ಎನಿಸಿತು. ಅದಕ್ಕೂ ಏನಾದರೂ ಕೆಲಸ ಕೊಡಿ, ದೋಣಿಗಟ್ಟದ ದಾರಿಯಲ್ಲಿರುವ ಬಡಗಿ ನಾಯಿಗಳಿಗೆಂದೇ ಒಗಟಿನ ಆಟಿಕೆ ಮಾಡುತ್ತಾನಂತೆ ಎಂದಳು.

ಮಾಡುತ್ತಿದ್ದದ್ದು ನಿಜ. ಮರದ ಆಟಿಕೆ, ಒಳಗೆ ರೊಟ್ಟಿಯ ಚೂರು ಬಚ್ಚಿಡುವುದು. ನಾಯಿ ಮೂಸಿ, ಉರುಳಿಸಿ, ಅಗುಳಿ ಸರಿಸಿ, ಅದನ್ನು ತೆಗೆದು ತಿನ್ನಬೇಕು. ಹೊಟ್ಟೆಯೂ ತುಂಬಿತು, ಹೊತ್ತೂ ಹೋಯಿತು. ಬಡಗಿ ವ್ಯಾಪಾರಿಯನ್ನು ಕೂರಿಸಿ ಕೇಳಿದ: "ಸಾಹುಕಾರರೇ, ನಿಮ್ಮ ನಾಯಿ ಮೂಗಿನಿಂದ ಹುಡುಕುತ್ತದೆಯೋ, ಕಾಲಿನಿಂದ ಕೆದಕುತ್ತದೆಯೋ, ಹಲ್ಲಿನಿಂದ ಜಗ್ಗುತ್ತದೆಯೋ? ಅದನ್ನು ನೋಡಿಕೊಂಡು ಆಟಿಕೆ ಆರಿಸಬೇಕು."

"ನಾಯಿ ಏನು ಮಾಡುತ್ತದೆಂದು ನೋಡುತ್ತಾ ಕೂರಲು ನನಗೇನು ಬೇರೆ ಕೆಲಸವಿಲ್ಲವೇ? ಇರುವುದರಲ್ಲೇ ಕಷ್ಟದ್ದು ಯಾವುದೋ ಅದನ್ನು ಕೊಡು," ಎಂದ ವ್ಯಾಪಾರಿ. ಮೂರು ಅಗುಳಿಯ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಬಂದ.

ಅನ್ನ ಹಾಕುವ ಯಜಮಾನ ಯಾರೆಂದು ನಾಯಿಗೆ ಗೊತ್ತಾಗಲಿ ಎಂದು, ಕಲಸುತ್ತಿದ್ದಲ್ಲಿಂದ ಎದ್ದು ಬಂದು ತನ್ನ ಕೈಯಾರೆ ರೊಟ್ಟಿ ಮುರಿದು ಪೆಟ್ಟಿಗೆಯೊಳಗೆ ಇಟ್ಟ. ನಾಯಿ ಬಂತು. ಮೂಸಿತು. ಎರಡು ಸಲ ಸೀನಿತು. ಹೋಗಿ ಮೂಲೆಯಲ್ಲಿ ಮಲಗಿತು. ಅದೇ ನಾಯಿ, ಸಂಜೆ ಹೆಂಡತಿ ಅಡುಗೆಮನೆಯಿಂದ ಎಸೆದ ರೊಟ್ಟಿಯನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿಯಿತು. ಅದನ್ನು ನೋಡಿ ವ್ಯಾಪಾರಿಗೆ ನಖಶಿಖಾಂತ ಉರಿಯಿತು. ಇದಕ್ಕೆ ಹಸಿವಿಲ್ಲದೆ ಇಲ್ಲ, ಇದಕ್ಕಿರುವುದು ಕೊಬ್ಬು ಎಂದುಕೊಂಡ.

ಮರುದಿನ ಹೋಗಿ ಅದಕ್ಕಿಂತ ಸುಲಭದ್ದು ತಂದ, ತೂತಿರುವ ಮರದ ಚೆಂಡು. ಉರುಳಿಸಿದರೆ ರೊಟ್ಟಿ ತಾನಾಗಿ ಉದುರುತ್ತದೆ. ನಾಯಿ ಸೀನಿ ಮೂಲೆ ಸೇರಿತು. ಅದರ ಮಾರನೆಯ ದಿನ ಬರೀ ಒಂದು ಮುಚ್ಚಳದ ಬಟ್ಟಲು ತಂದ. ಮೂತಿಯಿಂದ ತಳ್ಳಿದರೆ ಸಾಕು, ಮುಚ್ಚಳ ಸರಿಯುತ್ತದೆ. ನಾಯಿ ಅದರ ಹತ್ತಿರವೂ ಸುಳಿಯಲಿಲ್ಲ. ಬಡಗಿಯ ಅಂಗಳದಲ್ಲಿ ಕಿವಿ ಹರಿದ ಬೀದಿನಾಯಿಯೊಂದು ಅಂಥದ್ದೇ ಮೂರು ಅಗುಳಿಯ ಪೆಟ್ಟಿಗೆ ತೆರೆದು ತಿನ್ನುವುದನ್ನು ವ್ಯಾಪಾರಿ ಅವತ್ತು ಕಣ್ಣಾರೆ ಕಂಡಿದ್ದ. ಯಾವನ ಮನೆಯದೂ ಅಲ್ಲದ ನಾಯಿ ಮಾಡುವುದನ್ನು ನನ್ನ ಮನೆಯ ನಾಯಿ ಮಾಡುವುದಿಲ್ಲವೇ ಎಂದು ಅವನ ತಲೆ ಕೆಟ್ಟಿತು. ಬಾರುಕೋಲು ತೆಗೆದು ಬಾರಿಸಿದ. ನಾಯಿ ಮೊದಲ ಸಲ ಅವನಿಗೆ ಹಲ್ಲು ತೋರಿಸಿತು.

ಅಮಾವಾಸ್ಯೆಯ ತನಕ ಕಾಯುವ ತಾಳ್ಮೆ ಯಾರಿಗಿದೆ? ಅವತ್ತೇ ನಾಯಿಯ ಕೊರಳಿಗೆ ಹಗ್ಗ ಬಿಗಿದು ಹೊಳೆಯ ಕಡೆಗೆ ಎಳೆದುಕೊಂಡು ಹೊರಟ. ಹೆಂಡತಿ ಅಡ್ಡ ಬಂದಳು, ತಳ್ಳಿದ. ದಾರಿಯಲ್ಲಿ ಬಡಗಿಯ ಮನೆ ಬಂದಾಗ ಮೂರು ಆಟಿಕೆಗಳನ್ನೂ ಅವನ ಅಂಗಳಕ್ಕೆ ಬಿಸಾಡಿದ. "ಇಟ್ಟುಕೋ ನಿನ್ನ ಕಸವನ್ನು. ಈ ದರಿದ್ರ ನಾಯಿಯನ್ನು ಚಿರತೆ ತಿಂದ ಮೇಲೆ ನಾನು ನೆಮ್ಮದಿಯಾಗಿ ಉಣ್ಣುತ್ತೇನೆ," ಎಂದ.

ಬಡಗಿ ಪೆಟ್ಟಿಗೆ ಎತ್ತಿಕೊಂಡ. ಮೂಗಿನ ಹತ್ತಿರ ಹಿಡಿದ. ಅವನ ಕಣ್ಣಲ್ಲಿ ನೀರು ಬಂತು, ದುಃಖದಿಂದಲ್ಲ. ಅವನಿಗೂ ಸಿಟ್ಟು ನೆತ್ತಿಗೇರಿತು. ಆದರೆ ಬಾಯಿ ಆಡಿಸದೆ, "ಒಂದು ಗಳಿಗೆ ನಿಲ್ಲಿ," ಎಂದಷ್ಟೇ ಹೇಳಿ ಪೆಟ್ಟಿಗೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ. ತಿರುಗಿ ತಿಕ್ಕಿದ. ಬಿಸಿಲಿಗಿಟ್ಟು ಒಣಗಿಸಿದ. ಆಮೇಲೆ ತನ್ನ ಕೈ ತೊಳೆದುಕೊಂಡು, ಒಳಗಿನಿಂದ ರೊಟ್ಟಿ ತಂದು ಪೆಟ್ಟಿಗೆಯಲ್ಲಿಟ್ಟು ನಾಯಿಯ ಮುಂದೆ ಸರಿಸಿದ. ಬಾಸುಂಡೆ ಎದ್ದ ಆ ನಾಯಿ, ಒಂದು ಎಲೆಯಡಿಕೆ ಅಗಿದು ಮುಗಿಸುವಷ್ಟರಲ್ಲಿ ಮೂರು ಅಗುಳಿಯನ್ನೂ ಸರಿಸಿ ರೊಟ್ಟಿ ತಿಂದಿತು. ತಿಂದು, ಇನ್ನೂ ಇದೆಯೇ ಎಂದು ಬಾಲ ಅಲ್ಲಾಡಿಸಿತು.

ವ್ಯಾಪಾರಿ ಸಂತೋಷಪಟ್ಟ ಎಂದುಕೊಂಡೆಯಾ? ಎಲ್ಲಿಯ ಮಾತು. ಅವನ ಸಿಟ್ಟು ಇಮ್ಮಡಿಯಾಯಿತು. "ಏನು ಕಣ್ಕಟ್ಟು ಮಾಡಿದೆ?" ಎಂದು ಬಡಗಿಯ ಮೇಲೆ ಏರಿಹೋದ.

"ಕೈ ತೊಳೆದೆ, ಅಷ್ಟೇ," ಎಂದ ಬಡಗಿ. "ಒಳಗೆ ರೊಟ್ಟಿ ಇದೆ ಎಂಬುದೇ ಈ ಬಡಪಾಯಿಗೆ ತಿಳಿದಿರಲಿಲ್ಲ, ಸಾಹುಕಾರರೇ. ನೀವು ಮುಟ್ಟಿದ್ದೆಲ್ಲ ಬರೀ ಇಂಗು. ಅದಕ್ಕೆ ಒಡೆದು ನೋಡಲು ಒಗಟಾದರೂ ಎಲ್ಲಿತ್ತು?"

ವ್ಯಾಪಾರಿ ತನ್ನ ಎರಡೂ ಅಂಗೈಯನ್ನು ಮೂಗಿಗೆ ಒತ್ತಿ ಹಿಡಿದು, ಉಸಿರು ಎಳೆದು ಎಳೆದು ಮೂಸಿ ನೋಡಿದ. ಆಮೇಲೆ, "ಸುಳ್ಳು ಬೊಗಳಬೇಡ. ವಾಸನೆಯೇ ಇಲ್ಲ," ಎಂದ.

ರುದ್ರಮುನಿಗೆ ನಗು ತಡೆಯಲಾಗಲಿಲ್ಲ. ಸಿಟ್ಟು ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಯಿ ಏನಾಯಿತು, ಗುರುಗಳೇ?" ಎಂದು ಕೇಳಿದ.

"ಬಡಗಿಯ ಕಾಲ ಬುಡದಲ್ಲಿ ಮಲಗಿಬಿಟ್ಟಿತು. ಹಗ್ಗ ಹಿಡಿದು ಎಷ್ಟು ಎಳೆದರೂ ಏಳಲಿಲ್ಲ. ಕಡೆಗೆ ಹಗ್ಗ ಬಿಸಾಡಿ, ಬೈದುಕೊಳ್ಳುತ್ತಾ, ವ್ಯಾಪಾರಿ ಒಬ್ಬನೇ ಮನೆಗೆ ಹೋದ."

"ಎಂಥ ಮೂಢ. ಊರಿಗೆಲ್ಲ ಬರುವ ವಾಸನೆ ಅವನೊಬ್ಬನಿಗೆ ಬರಲಿಲ್ಲವೇ?"

ಗುರುಗಳು ನಗಲಿಲ್ಲ. "ಕೊಟ್ರಯ್ಯನ ಕೆನ್ನೆಗೆ ಹೊಡೆದ ಕೈ ಇದೆಯಲ್ಲ, ಅದನ್ನು ಒಮ್ಮೆ ಮೂಸಿ ನೋಡಿಕೋ," ಎಂದರು.