ಹುಸಿಗೂಗಿನ ಗುಡ್ಡ

ಬರಲಹಟ್ಟಿಯ ಬಡಗಣಕ್ಕೆ, ಊರ ಕೊನೆಯ ಮನೆಯಿಂದ ಒಂದು ಕೂಗಳತೆ ದೂರದಲ್ಲಿ, ಗುಂಡುಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಹ ಗುಡ್ಡವೊಂದಿದೆ. ರಸ್ತೆಬದಿಯ ಹಸಿರು ಫಲಕದಲ್ಲಿ ಯಾರೋ ಪುಣ್ಯಾತ್ಮರು ‘ಹೊಸಗುಡ್ಡ’ ಎಂದು ಬರೆಸಿದ್ದಾರೆ. ಗುಡ್ಡದಲ್ಲಿ ಹೊಸದು ಹಳೆಯದು ಎಂಬುದುಂಟೆ? ಊರವರನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆವು. ಅದರ ಹೆಸರು ಹುಸಿಗೂಗಿನ ಗುಡ್ಡ. ಕಾಲುದಾರಿಯಲ್ಲಿ ಅರ್ಧ ಹತ್ತಿದರೆ ಒಂದು ಮಟ್ಟಸವಾದ ಬಂಡೆಯೂ, ಅದರ ಮೇಲೆ ಬೋರಲು ಬಿದ್ದಿರುವ ಕಲ್ಲುಬಾನಿಯೂ ಕಾಣುತ್ತವೆ. ಬಾನಿಯ ಹಿಂದೆ ಎದೆಯೆತ್ತರದ ಹಂಚಿಕಡ್ಡಿ ಹುಲ್ಲು, ತೀರ ಮೇಲೆ ನೆತ್ತಿಗುಂಡು. ನೋಡಲು ಇರುವುದು ಇಷ್ಟೇ. ಆದರೂ ನಮ್ಮೂರಿನವರು ಆ ಬಾನಿಯ ಹತ್ತಿರ ನಿಂತು ಒಂದು ಕಡಲೆಕಾಯಿಯನ್ನೂ ಸುಲಿದು ತಿನ್ನುವುದಿಲ್ಲ. ನನಗೆ ಎಪ್ಪತ್ತೆಂಟು ವರ್ಷ. ನಾನೂ ತಿಂದಿಲ್ಲ.

ಹಿಂದೆ ಈ ಗುಡ್ಡಕ್ಕೆ ಕಾವಲುಗುಡ್ಡ ಎಂಬ ಹೆಸರಿತ್ತಂತೆ. ಆಗಲೂ ನಮ್ಮದು ಹಂಚಿಕಡ್ಡಿಯ ಪೊರಕೆ ಕಟ್ಟುವವರ ಊರೇ. ದೀಪಾವಳಿ ಕಳೆದು ಹುಲ್ಲು ಬಲಿತೊಡನೆ ಹೆಂಗಸರು ಕುಡುಗೋಲು ಹಿಡಿದು ಗುಡ್ಡ ಹತ್ತುತ್ತಿದ್ದರು. ಹುಲ್ಲು ಕೊಯ್ಯುವ ಕೆಲಸ ಬಲ್ಲವರಿಗೆ ಗೊತ್ತು, ಸೊಂಟ ಬಗ್ಗಿಸಿದರೆ ಬುಡ ಬಿಟ್ಟು ಬೇರೇನೂ ಕಾಣದು, ಕುಡುಗೋಲಿನ ಸರಸರ ಬಿಟ್ಟು ಬೇರೇನೂ ಕೇಳದು. ಗುಡ್ಡದ ಗವಿಗಳಲ್ಲಿ ಚಿರತೆಗಳಿದ್ದವು. ಬಗ್ಗಿದ ಮನುಷ್ಯ ಚಿರತೆಯ ಕಣ್ಣಿಗೆ ಕುರಿಗಿಂತ ದೊಡ್ಡದಾಗಿ ಕಾಣುವುದಿಲ್ಲ. ಆ ಹೆಂಗಸರನ್ನು ಕಾಯುತ್ತಿದ್ದುದು ಕಪ್ಪು ಮೋರೆಯ, ಉದ್ದ ಬಾಲದ ಕೋತಿಗಳು, ಮುಸುವಗಳು. ಹಿಂಡು ಚಿಗುರು ಮೇಯುವಾಗ ಒಂದು ಮುಸುವ ನೆತ್ತಿಗುಂಡಿನ ಮೇಲೆ ಕೂತು ಸುತ್ತ ಕಣ್ಣಾಡಿಸುತ್ತಿತ್ತು. ಅದು ಇಳಿದರೆ ಇನ್ನೊಂದು ಹತ್ತುತ್ತಿತ್ತು. ಇಳಿದು ಬಂದದ್ದನ್ನು ಉಳಿದವು ನೆರಳಲ್ಲಿ ಕೂರಿಸಿಕೊಂಡು, ಬೆನ್ನಿನ ಕೂದಲು ಬಿಡಿಸಿ, ಹೇನು ಹೆಕ್ಕಿ, ಉತ್ತರಾಣಿ ಮುಳ್ಳು ಕಿತ್ತು ಉಪಚಾರ ಮಾಡುತ್ತಿದ್ದವು ಎನ್ನುತ್ತಾರೆ. ಚಿರತೆಯ ಬಾಲದ ತುದಿ ಕಂಡರೂ ಸಾಕು, ನೆತ್ತಿಗುಂಡಿನಿಂದ ಖ್ಖೊಕ್, ಖ್ಖೊಕ್ ಎಂದು ಕೆಮ್ಮಿದಂತೆ ಕೂಗು ಬರುತ್ತಿತ್ತು. ಹಿಂಡು ಮರ ಹತ್ತುತ್ತಿತ್ತು, ಹೆಂಗಸರು ಹೊರೆ ಬಿಟ್ಟು ಇಳಿದು ಓಡುತ್ತಿದ್ದರು. ‘ಬೆನ್ನು ಗುಡ್ಡಕ್ಕೆ, ಕಿವಿ ಮುಸುವಕ್ಕೆ’ ಎಂಬ ಗಾದೆ ನಮ್ಮೂರಲ್ಲಿ ಈಗಲೂ ಇದೆ. ಅರ್ಥ ಮಾತ್ರ ಯಾರಿಗೂ ಬೇಡ.

ಆ ಕಾಲದಲ್ಲಿ ನಮ್ಮೂರಲ್ಲಿ ಕಾಟಮ್ಮ ಎಂಬ ಹೆಣ್ಣುಮಗಳಿದ್ದಳು. ಅವಳ ಮಗನ ಸಂತತಿ ನಾವು, ಆದ್ದರಿಂದ ಈ ಕಥೆ ಹೇಳುವ ಹಕ್ಕು ನನಗಿದೆ, ನಾಚಿಕೆಯೂ ನನ್ನದೇ. ಒಂದು ದಿನ ಅವಳು ಹುಲ್ಲು ಕೊಯ್ಯುತ್ತಿರುವಾಗ ಕೂಗು ಬಿತ್ತು. ಕಾಟಮ್ಮ ತಲೆ ಎತ್ತುವುದಕ್ಕೂ ಚಿರತೆ ಹಾರುವುದಕ್ಕೂ ಸರಿಹೋಯಿತು. ಅವಳು ಪಕ್ಕಕ್ಕೆ ಉರುಳಿದಳು, ಚಿರತೆಯ ಬಾಯಿಗೆ ತಲೆಯ ಸಿಂಬಿಯಷ್ಟೇ ಸಿಕ್ಕಿತು. ಮನೆಗೆ ಬಂದವಳು ಮೂರು ದಿನ ನಡುಗಿದಳಂತೆ. ನಾಲ್ಕನೆಯ ದಿನ ಎದ್ದು ನವಣೆ ಅನ್ನ ಮಾಡಿ, ಬೆಲ್ಲ ಕಲಸಿ, ಹಿತ್ತಾಳೆ ತಟ್ಟೆಯಲ್ಲಿಟ್ಟುಕೊಂಡು ಗುಡ್ಡಕ್ಕೆ ಹೊರಟಳು. ಹೊಸ್ತಿಲಲ್ಲಿ ಕೂತಿದ್ದ ಅತ್ತೆ ಎಲ್ಲಿಗೆ ಎಂದು ಕೇಳಿದಳು.

“ಕೂಗಿದ ಬಾಯಿಗೆ ಒಂದು ತುತ್ತು ಇಟ್ಟು ಬತ್ತೀನಿ ಅತ್ತೆಮ್ಮ. ಜೀವ ಉಳಿಸೈತೆ.”

“ಅದು ತನ್ನ ಮರಿಗೆ ಅಂತ ಕೂಗಿದ್ದು ಕಣೆ, ನಿನಗಲ್ಲ,” ಎಂದಳು ಅತ್ತೆ. “ನಿನಗೆ ಅಂತ ಕೂಗೋದು ಕಲಿತರೆ ಕೆಟ್ಟೆವು.”

ಮುದುಕಿಯ ಮಾತು ಯಾರಿಗೆ ಬೇಕು? ಕಾಟಮ್ಮ ಹೋಗಿ ಇಟ್ಟಳು. ಅದನ್ನು ಕಂಡು ಊರವರೆಲ್ಲ ಮೆಚ್ಚಿದರು. ಊರ ಯಜಮಾನ ಪಾಲಯ್ಯ ಕಟ್ಟೆಯ ಮೇಲೆ ಕೂತು, ಉಪಕಾರ ಉಂಡು ಸುಮ್ಮನಿರುವುದು ಮನುಷ್ಯರ ಲಕ್ಷಣವಲ್ಲ ಎಂದು ತೀರ್ಪು ಕೊಟ್ಟ. ಮಟ್ಟಸ ಬಂಡೆಯ ಮೇಲೆ ಕಲ್ಲುಬಾನಿ ಇರಿಸಿದರು. ಮುಸುವ ಕೂಗಿದ ದಿನ ಸರದಿಯ ಮನೆಯವರು ಬಾನಿಗೆ ಎಡೆ ಹಾಕಿ ಬರಬೇಕು ಎಂದು ಕಟ್ಟಳೆಯಾಯಿತು. ಅದಕ್ಕೆ ಬಾಯಿತುತ್ತು ಎಂದು ಹೆಸರಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟರು, ಅದೇ ಹೊಟ್ಟೆ ಉರಿಯುವ ಸಂಗತಿ.

ಮೊದಲ ವರ್ಷ ತಿಂಗಳಿಗೊಮ್ಮೆ ಕೇಳುತ್ತಿದ್ದ ಕೂಗು ಮರುವರ್ಷ ವಾರಕ್ಕೊಮ್ಮೆ ಆಯಿತು. ನಮ್ಮವರು ಹಿಗ್ಗಿದರು, ಎಡೆ ಹಾಕಿದ ಮೇಲೆ ಕಾವಲು ಎಷ್ಟು ಚುರುಕಾಯಿತು ನೋಡಿ ಎಂದರು. ಮೂರನೆಯ ವರ್ಷ ದಿನಾ ಬೆಳಿಗ್ಗೆ ಕೂಗು. ಹೆಂಗಸರು ಹೊರೆ ಎಸೆದು ಓಡುತ್ತಿದ್ದರು, ತಿರುಗಿ ನೋಡಿದರೆ ಚಿರತೆಯೂ ಇಲ್ಲ, ಅದರ ನೆರಳೂ ಇಲ್ಲ. ಬಾನಿಯ ಸುತ್ತ ಮುಸುವಗಳು ದಾರಿ ಕಾಯುತ್ತ ಕೂತಿರುತ್ತಿದ್ದವು. ನೆತ್ತಿಗುಂಡು ಬರಿದಾಯಿತು. ಮೇಲೆ ಕೂತರೆ ತುತ್ತು ತಪ್ಪುತ್ತದೆ, ಯಾರು ಕೂರುತ್ತಾರೆ? ಬಲವಾದ ಗಂಡೊಂದು ಬಾನಿಯ ಒಳಗೇ ಕುಳಿತು ಹತ್ತಿರ ಬಂದವುಗಳನ್ನು ಕಚ್ಚುತ್ತಿತ್ತು. ಅದನ್ನು ಎಬ್ಬಿಸಲು ಉಳಿದವು ಸುಳ್ಳೇ ಖ್ಖೊಕ್ ಎನ್ನುತ್ತಿದ್ದವು, ಗಂಡು ಬೆದರಿ ಹಾರಿದೊಡನೆ ನುಗ್ಗಿ ಬಾಚಿಕೊಳ್ಳುತ್ತಿದ್ದವು. ಕೆಲವು ದಿನಗಳ ಮೇಲೆ ಅದೂ ಬೆದರುವುದನ್ನು ಬಿಟ್ಟಿತು. ಒಂದು ತಾಯಿ ತನ್ನ ಮರಿಯ ಬಾಯಿಗೆ ಬೆರಳು ಹಾಕಿ ಅನ್ನ ಕಿತ್ತು ತಿಂದದ್ದನ್ನು ಕಾಟಮ್ಮ ಕಣ್ಣಾರೆ ಕಂಡಳು. ಒಂದು ಇನ್ನೊಂದರ ಬೆನ್ನು ಮುಟ್ಟುತ್ತಿರಲಿಲ್ಲ. ಕೂದಲು ಗಂಟುಗಟ್ಟಿ, ಮುಳ್ಳು ಹತ್ತಿ, ಕಚ್ಚಿದ ಗಾಯಗಳು ಕೀವು ತುಂಬಿ ಹಾಗೇ ಇದ್ದವು. ಎಲ್ಲವೂ ಒಂದಕ್ಕೊಂದು ಬೆನ್ನು ತಿರುಗಿಸಿ ಕೂತು ಬರುವ ಹೆಂಗಸರ ಕೈಯನ್ನೇ ನೋಡುತ್ತಿದ್ದವು. ಮುಖವನ್ನಲ್ಲ, ಕೈಯನ್ನು. ಆ ನೋಟ ಕಂಡವರು ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು ಎಂದು ನಮ್ಮಜ್ಜಿ ತನ್ನ ಅಜ್ಜಿಯಿಂದ ಕೇಳಿ ಹೇಳುತ್ತಿದ್ದಳು.

ಇನ್ನು ಗುಡ್ಡದ ಕೆಲಸ ನರಕವಾಯಿತು. ಕೂಗು ಕೇಳಿದರೆ ಬೆಚ್ಚಿ ತಲೆ ಎತ್ತುವುದು, ಹಸಿವಿನ ಕೂಗಿರಬೇಕು ಎಂದು ಸಮಾಧಾನ ಮಾಡಿಕೊಂಡು ಮತ್ತೆ ಬಗ್ಗುವುದು. ಕೂಗು ಕೇಳದಿದ್ದರೆ ಅದಕ್ಕಿಂತ ಹೆದರಿಕೆ. ಮೇಲೆ ಕಣ್ಣಿಡುವವರಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಡೆ ನಿಲ್ಲಿಸೋಣ ಎಂದರೆ ಮುಸುವಗಳು ಊರಿಗೇ ನುಗ್ಗಿಯಾವು ಎಂಬ ಅಂಜಿಕೆ. ಕಟ್ಟಳೆ ಹಾಕಿದವರಿಗೆ ಅದನ್ನು ತೆಗೆಯುವ ದಾರಿ ಹೊಳೆಯಲಿಲ್ಲ.

ಹೀಗಿರುವಾಗ ಒಂದು ದಿನ ಬಾಯಿತುತ್ತಿನ ಸರದಿ ಕಾಟಮ್ಮನ ಮನೆಗೆ ಬಂತು. ಅವಳ ಮಗಳು ಚಿತ್ತಕ್ಕ, ಹದಿನೇಳರ ಹುಡುಗಿ, ಮಾಘದಲ್ಲಿ ಮದುವೆ ಗೊತ್ತಾಗಿತ್ತು. ಅದೇ ಹಿತ್ತಾಳೆ ತಟ್ಟೆ ಹಿಡಿದು ಅಮ್ಮನ ಜೊತೆ ಬಂದಿದ್ದಳು. ಕಾಟಮ್ಮ ಇಳಿಜಾರಿನಲ್ಲಿ ಕೊಯ್ಯುತ್ತಿದ್ದಳು, ಮಗಳು ಹತ್ತಿರದಲ್ಲೇ ಕೂತು ಕಡ್ಡಿ ಹಸನು ಮಾಡುತ್ತಿದ್ದಳು. ಬಿಸಿಲೇರುವ ಹೊತ್ತಿಗೆ ಕೂಗು ಕೇಳಿತು. ಖ್ಖೊಕ್, ಖ್ಖೊಕ್, ಬಿಡದೆ ಒಂದೇ ಸಮನೆ. ಕಾಟಮ್ಮ ತಲೆ ಎತ್ತಲಿಲ್ಲ.

“ಶುರುವಾಯ್ತು ಇವುಗಳ ಹಾಡು. ಹೋಗಿ ಹಾಕಿ ಬಾರವ್ವ ಬೇಗ, ಕಿವಿ ತೂತಾಗ್ತದೆ,” ಎಂದಳು.

ಚಿತ್ತಕ್ಕ ತಟ್ಟೆ ಎತ್ತಿಕೊಂಡು ಮೇಲೆ ಹತ್ತಿದಳು. ಕೂಗು ನಿಲ್ಲಲಿಲ್ಲ. ಯಾವಾಗಲೂ ತಟ್ಟೆ ಕಂಡೊಡನೆ ನಿಲ್ಲುವ ಕೂಗು ಇಂದು ಏಕೆ ನಿಲ್ಲಲಿಲ್ಲ ಎಂದು ಕಾಟಮ್ಮನಿಗೆ ಅನಿಸಿ, ಸೊಂಟ ನೆಟ್ಟಗೆ ಮಾಡಿ ನೋಡಿದಳು. ಹಿಂಡೆಲ್ಲ ಮರ ಹತ್ತುವ ಬದಲು ಬಾನಿಯತ್ತ ಓಡುತ್ತಿತ್ತು. ಕೂಗು ಬರುತ್ತಿದ್ದುದು ಅಲ್ಲಿಂದಲ್ಲ. ಎಷ್ಟೋ ಕಾಲದಿಂದ ಬರಿದಾಗಿದ್ದ ನೆತ್ತಿಗುಂಡಿನ ಮೇಲೆ ಒಂದು ಮುದಿ ಮುಸುವ ಒಂಟಿಯಾಗಿ ಕುಳಿತಿತ್ತು. ಅದು ತಟ್ಟೆಯನ್ನು ನೋಡುತ್ತಿರಲಿಲ್ಲ. ಬಾನಿಯ ಹಿಂದಿನ ಹುಲ್ಲನ್ನು ನೋಡುತ್ತಿತ್ತು.

ಕಾಟಮ್ಮ ಮಗಳ ಹೆಸರು ಹಿಡಿದು ಕಿರುಚಿದಳು. ಹುಡುಗಿ ನಿಂತು, ಅಮ್ಮ ಕರೆದಳಲ್ಲ ಎಂದು ಹಿಂದಕ್ಕೆ ತಿರುಗಿದಳು. ಹುಲ್ಲಿಗೆ ಬೆನ್ನಾಯಿತು. ಮುಂದಿನದನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ, ನಾನೂ ಹೇಳಲಾರೆ. ಕಾಟಮ್ಮ ಏದುತ್ತ ಬಂಡೆ ತಲುಪಿದಾಗ ಚಿರತೆಯೂ ಇರಲಿಲ್ಲ, ಚಿತ್ತಕ್ಕನೂ ಇರಲಿಲ್ಲ. ಹುಲ್ಲು ಗವಿಯ ದಿಕ್ಕಿಗೆ ಸೀಳಿಹೋಗಿತ್ತು. ತಟ್ಟೆ ಮಗುಚಿ ಬಿದ್ದಿತ್ತು. ಕೆಂಪಾದ ಬಂಡೆಯ ಮೇಲೆ ಚೆಲ್ಲಿದ ಅನ್ನವನ್ನು ಮುಸುವಗಳು ಕಿತ್ತಾಡಿಕೊಂಡು ತಿನ್ನುತ್ತಿದ್ದವು. ಒಂದೂ ತಲೆ ಎತ್ತಲಿಲ್ಲ. ಮೇಲಿನ ಮುದಿ ಮುಸುವ ಸಂಜೆಯವರೆಗೂ ಕೂಗಿತಂತೆ.

ಮಾರನೆಯ ದಿನ ಕಾಟಮ್ಮ ಹಾರೆ ಹಿಡಿದು ಹೋಗಿ, ಯಾರ ಕೈಯನ್ನೂ ಸೇರಿಸದೆ, ಆ ಬಾನಿಯನ್ನು ಬೋರಲು ಹಾಕಿದಳು. ಊರವರು ಗುಡ್ಡವನ್ನು ಹುಸಿಗೂಗಿನ ಗುಡ್ಡ ಎಂದು ಕರೆದು ಸಾವಿರ ಶಾಪ ಹಾಕಿದರು. ಆ ಹೆಸರು ಕೇಳಿದಾಗಲೆಲ್ಲ ಕಾಟಮ್ಮ, “ಅವತ್ತಿನ ಕೂಗು ದಿಟ ಕಣ್ರಪ್ಪ,” ಎನ್ನುತ್ತಿದ್ದಳಂತೆ, ಆದರೂ ಹೆಸರು ಹಾಗೇ ನಿಂತಿತು. ಅಂದಿನಿಂದ ಸಾಯುವವರೆಗೆ ಅವಳು ಕುಡುಗೋಲು ಮುಟ್ಟಲಿಲ್ಲ. ದಿನಾ ನೆತ್ತಿಗುಂಡು ಹತ್ತಿ ನಿಂತು ಉಳಿದ ಹೆಂಗಸರಿಗೆ ಕಾವಲಾದಳು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಯಾರಾದರೂ ಮರುಗಿ ಒಂದು ಮುದ್ದೆ ಮುರಿದು ಕೊಡಲು ಬಂದರೆ, “ಕೂಗೋ ಬಾಯಿಗೆ ತುತ್ತು ಇಡಬ್ಯಾಡ್ರೆ ತಾಯಿ,” ಎಂದು ಕೈಮುಗಿಯುತ್ತಿದ್ದಳು.

ಈಗಲೂ ನಮ್ಮ ಹೆಂಗಸರು ಹುಲ್ಲಿಗೆ ಹೋದರೆ ಒಬ್ಬಳು ಕೊಯ್ಯದೆ ನಿಂತಿರುತ್ತಾಳೆ. ನಿಂತವಳು ಗುಡ್ಡದ ಮೇಲೆ ಏನನ್ನೂ ತಿನ್ನುವುದಿಲ್ಲ, ಯಾರೂ ಅವಳಿಗೆ ಕೊಡುವುದೂ ಇಲ್ಲ. ನೋಡಲು ಬರುವವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ರಸ್ತೆಯಾದ ಮೇಲೆ ಕಾರಿನಲ್ಲಿ ಬರುತ್ತಾರೆ, ಬೋರಲಾದ ಬಾನಿಯನ್ನೇ ಮಣೆ ಮಾಡಿಕೊಂಡು ಕೂರುತ್ತಾರೆ, ಮುಸುವಗಳಿಗೆ ಬಾಳೆಹಣ್ಣು ಬಿಸ್ಕತ್ತು ಹಂಚುತ್ತಾರೆ. ಬೇಡ ಎಂದರೆ, “ಪುಣ್ಯ ಬರ್ತದೆ ಬಿಡಿ ತಾತ,” ಎನ್ನುತ್ತಾರೆ. ಕಳೆದ ಸೋಮವಾರ ಒಂದು ಸಂಸಾರ ಬಂದಿತ್ತು. ಖ್ಖೊಕ್ ಎಂದು ಕೂಗು ಕೇಳಿತು. ಆ ಹೆಣ್ಣುಮಗಳು ನಕ್ಕು, ಪಾಪ, ಇನ್ನೂ ಹಸಿವಾಗಿದೆ ಎಂದು ಇನ್ನೊಂದು ಹಣ್ಣು ಸುಲಿದು ತನ್ನ ಮಗುವಿನ ಕೈಗೆ ಕೊಟ್ಟಳು. ಮಗು ಕೈ ಚಾಚಿಕೊಂಡು ಹಿಂಡಿನ ಕಡೆ ನಡೆಯಿತು. ನಾನು ನೆತ್ತಿಗುಂಡಿನತ್ತ ನೋಡಿದೆ. ಅಲ್ಲಿ ಒಂದು ಮುಸುವ ಒಂಟಿಯಾಗಿ ಕುಳಿತಿತ್ತು. ಅದು ಹಣ್ಣನ್ನು ನೋಡುತ್ತಿರಲಿಲ್ಲ.