ಹುಲುಗಪ್ಪ ತೊಗಲು ಕೊಯ್ದದ್ದು

ಎಷ್ಟೋ ತಲೆಮಾರುಗಳ ಹಿಂದೆ, ತುಂಗಭದ್ರೆಯ ದಂಡೆಯ ಒಂದು ಊರಿನಲ್ಲಿ, ಹರಿಗೋಲೊಂದು ಸುಳಿಗೆ ಸಿಕ್ಕು ಬಂಡೆಗೆ ಬಡಿಯಿತು. ಅದರೊಳಗೆ ಬೀಸುವ ಕಲ್ಲು ಇತ್ತು. ಕಲ್ಲು ಉರುಳಿತು. ಹುಟ್ಟು ಹಾಕುತ್ತಿದ್ದ ಯಮನಪ್ಪನ ಎದೆಯ ಬಲಪಕ್ಕಕ್ಕೆ ಅಪ್ಪಳಿಸಿತು.

ಹರಿಗೋಲಿಗೆ ಏನೂ ಆಗಲಿಲ್ಲ. ಅದನ್ನು ಕಟ್ಟಿದವನು ಯಮನಪ್ಪನ ಅಣ್ಣ, ಹುಲುಗಪ್ಪ.

ಆ ಹೊಳೆಯ ಉದ್ದಕ್ಕೂ ಹುಲುಗಪ್ಪನಂಥ ಹರಿಗೋಲು ಕಟ್ಟುವವನು ಇರಲಿಲ್ಲ ಅಂತಾರೆ. ಬಿದಿರಿನ ದಬ್ಬೆ ಸೀಳಿಹೋದರೆ ಅವನು ಹಸಿ ತೊಗಲಿನ ಪಟ್ಟಿ ಕೊಯ್ಯುತ್ತಿದ್ದ. ಹೊಳೆಯಲ್ಲಿ ನೆನೆಸುತ್ತಿದ್ದ. ಸೀಳಿದ ಕಡೆ ಸುತ್ತಿ ಬಿಸಿಲಿಗೆ ಬಿಡುತ್ತಿದ್ದ. ತೊಗಲು ಒಣಗುತ್ತ ಕುಗ್ಗುತ್ತದೆ. ಕುಗ್ಗಿ ಕಬ್ಬಿಣದ ಹಾಗೆ ಹಿಡಿಯುತ್ತದೆ. ಅವನ ಕಟ್ಟಿಗೆ ಮೊಸಳೆ ಬಾಯಿ ಹಾಕಿ ಹಲ್ಲು ಅಲ್ಲೇ ಬಿಟ್ಟುಹೋಯಿತು ಅಂತಾರೆ. ಇರಲಿ.

ಊರಿನವರ ಕೈ ಮುರಿದರೂ, ಕಾಲು ಮುರಿದರೂ ಹುಲುಗಪ್ಪನೇ ಕಟ್ಟುತ್ತಿದ್ದ. ಅದೇ ತೊಗಲು, ಅದೇ ಕಟ್ಟು. ಎಲುಬು ಕೂಡುತ್ತಿತ್ತು.

ಅವನು ತಮ್ಮನನ್ನು ಜಗಲಿಯ ಮೇಲೆ ಮಲಗಿಸಿ ಪಕ್ಕೆಯನ್ನು ಬೆರಳಿನಿಂದ ಒತ್ತಿ ನೋಡಿದ. ಒಳಗೆ ಕಟಕ್ ಅಂದಿತು. ಎರಡೋ ಮೂರೋ ಪಕ್ಕೆಲುಬು ಮುರಿದಿದ್ದವು. ಸೀಳಿದ ದಬ್ಬೆಗೂ ಇದಕ್ಕೂ ಏನು ಫರಕು ಅಂದುಕೊಂಡ. ನೆನೆದ ತೊಗಲನ್ನು ಎದೆಯ ಸುತ್ತ ಬಿಗಿಯಾಗಿ ಸುತ್ತಿದ. ತಂಪಾಯಿತು. ನೋವು ಇಳಿಯಿತು. ಯಮನಪ್ಪ ನಿದ್ದೆ ಹೋದ. ನೋಡಲು ಬಂದವರು, ಹುಲುಗಪ್ಪನ ಕೈ ಅಂದರೆ ಕೈ ಅಂದು ಎದ್ದುಹೋದರು.

ತೊಗಲು ಒಣಗಿತು.

ಯಮನಪ್ಪನ ಉಸಿರು ಗಂಟಲಿನ ಮೇಲೇ ಆಡತೊಡಗಿತು. ಕೆಮ್ಮು ಬಂದರೆ ನುಂಗಿಕೊಳ್ಳುತ್ತಿದ್ದ. ದಿನ ಕಳೆದಂತೆ ಎದೆಯೊಳಗೆ ಕಫ ಕಟ್ಟಿ ಗೊರಗೊರ ಅನ್ನತೊಡಗಿತು. ಜ್ವರ ಏರಿತು. ತುಟಿ ನೀಲಿಗೆ ತಿರುಗಿತು.

ಅವರಿಬ್ಬರಿಗೂ ಗಿಡ್ಡವ್ವ ಅಂತ ಅಕ್ಕ ಇದ್ದಳು. ಗಂಡ ತೀರಿದ ಮೇಲೆ ತಮ್ಮಂದಿರ ಜೊತೆಗೇ ಇದ್ದವಳು. ತಾಯಿಯಿಲ್ಲದ ಯಮನಪ್ಪನನ್ನು ಸಾಕಿದವಳು.

“ಹುಲುಗಾ, ಅದನ್ನ ಬಿಚ್ಚು,” ಅಂದಳು.

“ಬಿಚ್ಚಿದ್ರ ಎಲುಬು ಕಿತ್ತು ಬರತಾವ.”

“ಉಸಿರೇ ಕಿತ್ಕೊಂಡು ಹೊಂಟೈತಿ. ಎಲುಬು ಇಟ್ಕೊಂಡು ಏನ್ ಮಾಡ್ತಿ, ಒಲಿಗೆ ಹಾಕ್ತಿಯೇನು?”

“ನನ್ನ ಕಟ್ಟು ಎಂದೂ ತಪ್ಪಿಲ್ಲಕ್ಕಾ.”

“ಹಂಗಾದ್ರ ನಿನ್ನ ಎದಿಗೂ ಒಂದು ಕಟ್ಕೋ. ಕಟ್ಕೊಂಡು ಹೊಳಿ ದಾಟಿ ಬಾ. ಆಮ್ಯಾಲೆ ಮಾತಾಡು.”

ಹುಲುಗಪ್ಪ ಕಟ್ಟಿಕೊಂಡೇಬಿಟ್ಟ. ಮರುದಿನ ಬೆಳಗ್ಗೆ ಹಸಿ ತೊಗಲು ಎದೆಗೆ ಸುತ್ತಿಕೊಂಡು ಅಂಗಳದ ಬಿಸಿಲಿಗೆ ಕೂತ. ಓಣಿಯ ಮಂದಿ ನಿಂತು ನಕ್ಕರು. ಹರಿಗೋಲು ಮುಗಿದವು, ಈಗ ತನ್ನನ್ನೇ ಕಟ್ಟಿಕೊಳ್ಳುತ್ತಿದ್ದಾನೆ ಅಂದರು. ಅವನು ಕೂತೇ ಇದ್ದ. ಮಧ್ಯಾಹ್ನಕ್ಕೆ ತೊಗಲು ಒಣಗಿ ಹಿಡಿಯಿತು. ಎದ್ದು ಹೊಳೆಗೆ ನಡೆದ.

ನಡುಹೊಳೆ ಮುಟ್ಟಲಿಲ್ಲ. ನಾಲ್ಕು ಸಲ ಹುಟ್ಟು ಹಾಕುವುದರೊಳಗೆ ಉಸಿರು ಸಾಲದಾಯಿತು. ಅಲೆಯೊಂದು ಮುಖಕ್ಕೆ ಸಿಡಿದು ನೀರು ಗಂಟಲಿಗೆ ಹೋಯಿತು. ಕೆಮ್ಮಬೇಕು. ಕೆಮ್ಮು ಬರಲಿಲ್ಲ. ಎದೆ ಅಗಲವಾಗದೆ ಕೆಮ್ಮು ಹೇಗೆ ಬರಬೇಕು? ಕಣ್ಣು ಕತ್ತಲೆ ಬಂತು. ಹರಿಗೋಲು ತಿರುಗುತ್ತ ಹೋಗಿ ಬಂಡೆಗೆ ತಾಗಿತು. ಸೊಂಟದಲ್ಲಿ ಬಿದಿರು ಸೀಳುವ ಕತ್ತಿ ಇತ್ತು. ಹಿರಿದು ಪಟ್ಟಿಯನ್ನು ಕೊಯ್ದ. ಚರ್ಮವೂ ಕೊಯ್ದುಹೋಯಿತು. ಆಮೇಲೆ ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ.

ಆ ಬಂಡೆಯ ಮೇಲೆ ಅವನು ಹೊತ್ತು ಇಳಿಯುವವರೆಗೂ ಕೂತಿದ್ದ ಅಂತಾರೆ. ಬಿದಿರಿಗೆ ಉಸಿರಿಲ್ಲ. ಮುರಿದ ಕೈಯನ್ನು ಕಟ್ಟಿ ಮೂಲೆಗೆ ಕೂಡಿಸಬಹುದು, ಮುರಿದ ಕಾಲನ್ನೂ ಕೂಡಿಸಬಹುದು. ಪಕ್ಕೆಲುಬು ಮುರಿದ ಮೇಲೂ ಕೆಲಸ ಬಿಡುವುದಿಲ್ಲ. ಮಲಗಿದರೂ ಅದು ಏರಬೇಕು, ಇಳಿಯಬೇಕು. ಅದನ್ನು ನಿಲ್ಲಿಸಿದರೆ ಮನುಷ್ಯನೇ ನಿಲ್ಲುತ್ತಾನೆ. ಇಷ್ಟು ಅವನಿಗೆ ತಿಳಿಯಿತು. ಮನೆಗೆ ಬಂದು ಯಾರಿಗೂ ಏನೂ ಹೇಳದೆ ತಮ್ಮನ ಎದೆಯ ಕಟ್ಟು ಕೊಯ್ದ.

ಯಮನಪ್ಪ ಕಿರುಚಿದ. ಕಟ್ಟು ಹೋದ ಮೇಲೆ ಉಸಿರು ಎಳೆದಾಗೆಲ್ಲ ಚೂರಿ ಹಾಕಿದ ಹಾಗಾಯಿತು.

“ಅಣ್ಣಾ, ಕಾಲಿಗೆ ಬೀಳ್ತೀನಿ, ಮತ್ತ ಕಟ್ಟೋ,” ಅಂದ.

ಹುಲುಗಪ್ಪ ಕಟ್ಟಲಿಲ್ಲ. ಅವನು ಪಟ್ಟ ಕಷ್ಟದಲ್ಲಿ ಇದೇ ದೊಡ್ಡದು ಅಂತಾರೆ. ಜೋಳದ ಚೀಲ ಒಟ್ಟಿ ತಮ್ಮನನ್ನು ಒರಗಿಸಿ ಕೂಡಿಸಿದ, ಕೂತೇ ನಿದ್ದೆ ಮಾಡು ಅಂದ. ಕಂಬಳಿ ಮಡಚಿ ಮುರಿದ ಪಕ್ಕಕ್ಕೆ ಕೊಟ್ಟು, ಅದನ್ನು ಅಪ್ಪಿಕೊಂಡು ಕೆಮ್ಮು ಅಂದ.

“ಕೆಮ್ಮಿದ್ರ ಸಾಯ್ತೀನಿ.”

“ಕೆಮ್ಮದಿದ್ರ ಸಾಯ್ತಿ.”

ಒಲೆಯ ಮುಂದೆ ಕೂತಿದ್ದ ಗಿಡ್ಡವ್ವ ತಿರುಗಿ ನೋಡಲೂ ಇಲ್ಲ. “ಹೆಂಗೂ ಸಾಯ್ತಿ ಅಂದ್ರ ಬಾಯಾಗಿಂದು ಉಗುಳಿ ಸಾಯಿ, ಎಪ್ಪಾ. ಹೊರೋರಿಗೆ ಭಾರ ಕಡಿಮಿ ಆಗತೈತಿ,” ಅಂದಳು.

ಯಮನಪ್ಪನಿಗೆ ನಗು ಬಂತು. ನಕ್ಕ. ನಕ್ಕದ್ದಕ್ಕೆ ನೋವಾಗಿ ಅತ್ತ. ಅಳುವುದಕ್ಕೂ ನಗುವುದಕ್ಕೂ ನಡುವೆ ಕೆಮ್ಮು ಬಂದೇಬಿಟ್ಟಿತು. ತುಕ್ಕಿನ ಬಣ್ಣದ ಕಫ ಹೊರಗೆ ಬಿತ್ತು. ಗಿಡ್ಡವ್ವ ಬಂದು ಅದನ್ನು ಬೂದಿಯಿಂದ ಮುಚ್ಚಿದಳು. ಮುಚ್ಚಿದ ಮೇಲೂ ಮತ್ತೊಂದು ಹಿಡಿ ಬೂದಿ ಹಾಕಿದಳು ಅಂತಾರೆ.

ಕೆಮ್ಮುತ್ತ ಕೆಮ್ಮುತ್ತ ಜ್ವರ ಇಳಿಯಿತು.

ಜ್ವರ ಹೋಯಿತು, ಹೆದರಿಕೆ ಹೋಗಲಿಲ್ಲ. ನೋವಾದೀತು ಅಂತ ಯಮನಪ್ಪ ಅರ್ಧ ಉಸಿರಿನಲ್ಲೇ ಬದುಕತೊಡಗಿದ. ಮಾತಾಡಿದರೆ ಪಕ್ಕದವನಿಗೆ ಕೇಳುತ್ತಿರಲಿಲ್ಲ. ಅಂಬಿಗನಿಗೆ ಅರ್ಧ ಉಸಿರು ಸಾಲುತ್ತದೆಯೇ? ಹುಲುಗಪ್ಪ ದಿನಾ ಬೆಳಗ್ಗೆ ಅವನನ್ನು ಹೊಳೆಯ ದಂಡೆಗೆ ತಂದು ಕೂಡಿಸಿ, ತಾನು ಆಚೆ ದಂಡೆಗೆ ಹೋಗಿ ಕೂರುತ್ತಿದ್ದ. ಹೋಗುವ ಮೊದಲು, ಇಲ್ಲಿಂದ ಕರೆ, ನನಗೆ ಕೇಳಿದರೆ ಓಗೊಡುತ್ತೇನೆ, ಅಷ್ಟರವರೆಗೂ ಹುಟ್ಟು ಮುಟ್ಟಬೇಡ ಅಂದ.

ಮೊದಮೊದಲು ಕರೆದದ್ದು ಯಮನಪ್ಪನ ಕಿವಿಗೇ ಬೀಳಲಿಲ್ಲ. ಆಮೇಲೆ ಹತ್ತಿರದ ಕಲ್ಲಿನ ಮೇಲಿನ ಕೊಕ್ಕರೆ ಹಾರಿತು. ಆಮೇಲೆ ನಡುಹೊಳೆಯ ಬಂಡೆಯಲ್ಲಿ ಮೀನು ಹಿಡಿಯುವವರು ತಲೆ ಎತ್ತಿದರು. ಆಚೆಯಿಂದ ಮಾತ್ರ ಸದ್ದಿಲ್ಲ. ಒಂದು ದಿನ ಸಿಟ್ಟಿಗೆದ್ದು ಹರಿಗೋಲನ್ನು ತಲೆಯ ಮೇಲೆ ಹೊರಲು ಹೋಗಿ ಮತ್ತೆ ನೋವು ಮಾಡಿಕೊಂಡ. ಹುಲುಗಪ್ಪ ಬೈಯಲಿಲ್ಲ. ಹರಿಗೋಲನ್ನು ಬೋರಲು ಹಾಕಿ ಅದರ ಮೇಲೆ ಕೂತ, ಸಂಜೆಯವರೆಗೂ ಏಳಲಿಲ್ಲ.

ಜೋಳ ಬಿತ್ತುವಾಗ ಪೆಟ್ಟು ತಿಂದಿದ್ದ. ಜೋಳ ತೆನೆ ಹಿಡಿದಾಗ ಒಂದು ಬೆಳಗ್ಗೆ ದಂಡೆಯಲ್ಲಿ ಎದ್ದುನಿಂತ. ಹೊಟ್ಟೆಯ ತಳದಿಂದ ಉಸಿರು ಎಳೆದುಕೊಂಡ.

“ಲೇ ಕಿವುಡಾ! ಕೇಳತೈತೇನೋ?” ಅಂತ ಕೂಗಿದ.

“ಓ...” ಅಂತ ಬಂತು.

ಹುಲುಗಪ್ಪನಿಗೆ ಅದಕ್ಕೂ ಎಷ್ಟೋ ದಿನ ಮೊದಲೇ ಕೇಳುತ್ತಿತ್ತು ಅಂತಾರೆ ಕೆಲವರು. ಇಲ್ಲ, ಅವನು ಆ ಥರದವನಲ್ಲ ಅಂತಾರೆ ಇನ್ನು ಕೆಲವರು.

ಅವತ್ತಿನ ಸಂಜೆ ಯಮನಪ್ಪ ಹುಟ್ಟು ಹಿಡಿದ.

ಹುಲುಗಪ್ಪ ಕೈಕಾಲು ಕಟ್ಟುವುದನ್ನು ಬಿಡಲಿಲ್ಲ. ಎದೆಗೆ ಮಾತ್ರ ಮತ್ತೆ ತೊಗಲು ಮುಟ್ಟಿಸಲಿಲ್ಲ. ಮುಪ್ಪಾದ ಮೇಲೂ, ಪಕ್ಕೆ ಮುರಿದುಕೊಂಡು ದೂರದಿಂದ ಬಂದವರಿಗೆ ಒಂದು ಅರಿವೆಯನ್ನೂ ಕಟ್ಟದೆ, ಕೆಮ್ಮಿ, ಕೂಗಿ ಅಂತಷ್ಟೇ ಹೇಳಿ ಕಳಿಸಿದ. ಈ ಮುದುಕ ಏನೂ ಮಾಡಲಿಲ್ಲ ಅಂತ ಎಷ್ಟೋ ಮಂದಿ ಬೈದುಕೊಂಡು ಹೋದರು. ಬೈದುಕೊಂಡು ಮನೆ ಮುಟ್ಟಿದರು, ಬದುಕಿದರು.

ಈಗ ಅಲ್ಲಿ ಸೇತುವೆ ಆಗಿದೆ. ಹರಿಗೋಲು ಕಟ್ಟುವವರು ಯಾರೂ ಇಲ್ಲ. ಆ ಊರಿನಲ್ಲಿ ಬೈಕಿನಿಂದ ಬಿದ್ದು ಪಕ್ಕೆ ಮುರಿದುಕೊಂಡವರು ದವಾಖಾನೆಗೆ ಹೋಗಿ ಬರುತ್ತಾರೆ. ಬಂದ ಮೇಲೆ ದಿನಾ ಬೆಳಗ್ಗೆ ಹೊಳೆಯ ದಂಡೆಗೆ ಹೋಗಿ ಕೂಗುತ್ತಾರೆ. ಮನೆಯವರಲ್ಲಿ ಒಬ್ಬರು ಸೇತುವೆ ದಾಟಿ ಆಚೆ ದಂಡೆಯಲ್ಲಿ ಕೂತಿರುತ್ತಾರೆ. ಕೇಳುವವರೆಗೂ ಓಗೊಡುವುದಿಲ್ಲ.