ಪಾತ್ರೆ ವ್ಯಾಪಾರಿಯ ಗಿಡ್ಡ ಸ್ಪ್ರಿಂಗು

ಶಿಷ್ಯ ಕೇಳಿದ: "ಗುರುಗಳೇ, ಹೇಳುವವನಿಗೆ ಅದರಿಂದ ಲಾಭವಿದೆ ಎಂದು ಗೊತ್ತಾದ ಮೇಲೂ ಅವನ ಮಾತನ್ನು ನಂಬಬಹುದೇ?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಅಂಗಡಿಗೆ ಬರುವವರೆಲ್ಲ ಪಾತ್ರೆಯನ್ನು ಬೆರಳಿನಿಂದ ಬಡಿದು, ಸದ್ದು ಕೇಳಿ, ಆಮೇಲೆ ಬೆಲೆ ಕೇಳುವವರು. ಸಗಟು ಮಾರುವವರ ಬಳಿ ಹೋದಾಗ ಅವನೂ ಹಾಗೆಯೇ ಮಾಡುತ್ತಿದ್ದ. ಬಹಳ ವರ್ಷ ಹೀಗೆ ಕಳೆದ ಮೇಲೆ ಮನುಷ್ಯರನ್ನೂ ಬಡಿದು ನೋಡುವುದು ಅವನಿಗೆ ಅಭ್ಯಾಸವಾಯಿತು. ಯಾರಾದರೂ ಏನಾದರೂ ಹೇಳಿದರೆ ಅದು ಸರಿಯೋ ತಪ್ಪೋ ಎಂದು ಅವನು ಯೋಚಿಸುತ್ತಿರಲಿಲ್ಲ. ಇವನು ಇದನ್ನು ಏಕೆ ಹೇಳಿದ ಎಂದು ಯೋಚಿಸುತ್ತಿದ್ದ.

ಅವನು ಒಂದು ಸಣ್ಣ ಕಾರು ಕೊಂಡ. ಹೆಂಡತಿಯ ತವರಿನ ದಾರಿಯಲ್ಲಿ ತಿರುವುಗಳು ಹೆಚ್ಚು. ಅಲ್ಲಿ ಕಾರು ಹೊಯ್ದಾಡುತ್ತಿತ್ತು, ಹೆಂಡತಿಗೆ ಹೊಟ್ಟೆ ತೊಳಸುತ್ತಿತ್ತು. ಈಗಿರುವ ಸ್ಪ್ರಿಂಗು ತೆಗೆದು ಗಿಡ್ಡ ಸ್ಪ್ರಿಂಗು ಹಾಕಿಸಿದರೆ ಕಾರು ನೆಲಕ್ಕೆ ಹತ್ತಿರವಾಗುತ್ತದೆ, ಹೊಯ್ದಾಟ ಕಡಿಮೆಯಾಗುತ್ತದೆ ಎಂದು ಅವನು ಕೇಳಿದ್ದ. ಹಾಗೆ ತಗ್ಗಿಸಿದ ಕಾರುಗಳನ್ನು ಪೇಟೆಯಲ್ಲಿ ನೋಡಿಯೂ ಇದ್ದ. ಅವುಗಳ ಚೆಂದವೂ ಅವನ ಮನಸ್ಸಿಗೆ ಹಿಡಿಸಿತ್ತು.

ಮೊದಲು ಅವನು ಪೇಟೆಯ ಬಿಡಿಭಾಗಗಳ ಅಂಗಡಿಗೆ ಹೋದ. ಅಂಗಡಿಯವನು ಹೇಳಿದ, "ಬರೀ ಸ್ಪ್ರಿಂಗು ಬದಲಾಯಿಸಿದರೆ ಆಗುವುದಿಲ್ಲ. ಗಿಡ್ಡ ಸ್ಪ್ರಿಂಗು ಬಿರುಸಾಗಿರುತ್ತದೆ. ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್; ನಿಮ್ಮ ಹಳೆಯದು ಇದನ್ನು ತಾಳುವುದಿಲ್ಲ, ಅಳತೆಯೂ ಹೊಂದುವುದಿಲ್ಲ. ಎರಡನ್ನೂ ಕೂಡಿಯೇ ಹಾಕಿಸಿ."

ಒಂದು ಕೇಳಲು ಬಂದವನಿಗೆ ಎರಡು ಮಾರಲು ನೋಡುತ್ತಿದ್ದಾನೆ ಎಂದು ವ್ಯಾಪಾರಿ ಅಂದುಕೊಂಡ. ಅದು ನಿಜವೂ ಆಗಿತ್ತು. ಆ ಶಾಕ್ ಅಬ್ಸಾರ್ಬರುಗಳು ಅಂಗಡಿಯಲ್ಲಿ ಬಹಳ ದಿನದಿಂದ ಬಿದ್ದಿದ್ದವು.

ಆಮೇಲೆ ತನ್ನ ಊರಿನ ಗ್ಯಾರೇಜಿನ ಮೇಸ್ತ್ರಿಯನ್ನು ಕೇಳಿದ. ಮೇಸ್ತ್ರಿ, "ಇದ್ದ ಹಾಗೇ ಇರಲಿ ಬಿಡಿ. ನಮ್ಮ ರಸ್ತೆಗೆ ಇದೇ ಸರಿ" ಎಂದ. ಇವನಿಗೆ ಈ ಕೆಲಸ ಬರುವುದಿಲ್ಲ, ಗಿರಾಕಿ ಕೈತಪ್ಪುವ ಭಯ ಎಂದು ವ್ಯಾಪಾರಿ ಅಂದುಕೊಂಡ. ಅದೂ ನಿಜವೇ. ಮೇಸ್ತ್ರಿ ಅಂಥ ಕೆಲಸ ಒಮ್ಮೆಯೂ ಮಾಡಿರಲಿಲ್ಲ.

ವ್ಯಾಪಾರಿಯ ಹೆಂಡತಿಯ ತಮ್ಮ ಪಕ್ಕದ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಅವನು ಹೇಳಿದ, "ಭಾವ, ಡಿಕ್ಕಿಯಲ್ಲಿ ಭಾರ ಹೇರುವ ಕಾರು ಅದು. ನೀವೂ ಪಾತ್ರೆ ತುಂಬುತ್ತೀರಿ. ತಗ್ಗಿಸಿದರೆ ಹಿಂದಿನ ಚಕ್ರ ಮೇಲಿನ ತಗಡಿಗೆ ತಾಗುತ್ತದೆ." ಭಾವಮೈದ ಆಗಾಗ ಕಾರು ಕೇಳಿ ಪಡೆದು ಹೋಟೆಲುಗಳಿಗೆ ಹಿಟ್ಟಿನ ಚೀಲ ಸಾಗಿಸುತ್ತಿದ್ದ. ತಗ್ಗಿದರೆ ಅವನ ಕೆಲಸ ಕೆಡುತ್ತದೆ. ಇದನ್ನು ಕಂಡುಹಿಡಿಯಲು ವ್ಯಾಪಾರಿಗೆ ಕ್ಷಣವೂ ಬೇಕಾಗಲಿಲ್ಲ.

ಹೀಗೆ ಮೂವರ ಮಾತನ್ನೂ ಅವನು ಬದಿಗಿಟ್ಟ. ಸಂತೋಷದಿಂದಲೇ ಇಟ್ಟ. ಮೂವರ ಗುಟ್ಟೂ ತನಗೆ ತಿಳಿಯಿತು ಎಂಬ ಸಂತೋಷ ಅದು.

ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ಅವನದೇ ತರದ ಒಂದು ಕಾರು ನಿಂತಿತ್ತು. ತಗ್ಗಿಸಿದ ಕಾರು. ಅದರ ಒಡೆಯ ದೂರದ ಊರಿನವನು, ದಾರಿಹೋಕ. ವ್ಯಾಪಾರಿ ವಿಚಾರಿಸಿದಾಗ, "ಸ್ಪ್ರಿಂಗು ಮಾತ್ರ ಹಾಕಿಸಿದೆ. ವರ್ಷವಾಯಿತು, ಏನೂ ಆಗಿಲ್ಲ" ಎಂದು ಹೇಳಿ ಹೊರಟುಹೋದ.

ಇವನಿಗೆ ಮಾರುವುದು ಏನೂ ಇಲ್ಲ, ನನ್ನಿಂದ ಆಗಬೇಕಾದದ್ದೂ ಇಲ್ಲ. ಹಾಗಾದರೆ ಇವನದೇ ಸತ್ಯ ಎಂದು ವ್ಯಾಪಾರಿ ತೀರ್ಮಾನಿಸಿದ.

ಅವನು ಸ್ಪ್ರಿಂಗು ಮಾತ್ರ ಕೊಂಡು, ಪರಿಚಯವಿಲ್ಲದ ಒಂದು ಗ್ಯಾರೇಜಿಗೆ ಹೋದ. ಹೊಸದನ್ನು ತೆಗೆದಿಟ್ಟುಕೊಂಡು ಹಳೆಯದನ್ನು ಹಾಕಿಯಾರು ಎಂದು ನಾಲ್ಕು ಸ್ಪ್ರಿಂಗಿನ ಮೇಲೂ ಮೊಳೆಯಿಂದ ಗೀರಿ ಗುರುತು ಮಾಡಿದ. ಕೆಲಸ ಮುಗಿಯುವವರೆಗೆ ಕುರ್ಚಿ ಹಾಕಿಕೊಂಡು ಅವರ ಕೈಗಳನ್ನೇ ನೋಡುತ್ತ ಕುಳಿತ. ಯಾರೂ ಮೋಸ ಮಾಡಲಿಲ್ಲ.

ಕಾರು ಚೆಂದವಾಯಿತು. ತಿರುವಿನಲ್ಲಿ ಹೊಯ್ದಾಡುವುದು ನಿಂತಿತು. ತವರಿಗೆ ಹೋಗಿಬಂದ ಹೆಂಡತಿ, "ಈ ಸಲ ಆರಾಮ ಅನಿಸಿತು" ಎಂದಳು. ಮೂವರನ್ನೂ ಗೆದ್ದೆ ಎಂದು ವ್ಯಾಪಾರಿ ಅಂದುಕೊಂಡ.

ಕೆಲವು ತಿಂಗಳ ಮೇಲೆ ಹಿಂಬದಿಯಿಂದ ಟಕ್ ಟಕ್ ಎಂದು ಸದ್ದು ಬರತೊಡಗಿತು. ರಸ್ತೆಯ ಉಬ್ಬು ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತಿತ್ತು. ವ್ಯಾಪಾರಿ ಯೋಚಿಸಿದ. ಹಿಂದಿನ ವಾರ ಆಯಿಲ್ ಬದಲಿಸಲು ಕಾರು ಮೇಸ್ತ್ರಿಯ ಬಳಿ ಹೋಗಿತ್ತು. ತನ್ನ ಮಾತೇ ಸರಿ ಎನ್ನಿಸಿಕೊಳ್ಳಲು ಅವನು ಏನೋ ಸಡಿಲಿಸಿರಬೇಕು. ಅವನು ಮೇಸ್ತ್ರಿಯ ಮುಖಕ್ಕೇ ಇದನ್ನು ಹೇಳಿದ. ಮೇಸ್ತ್ರಿ ಕೈ ಒರೆಸಿಕೊಂಡು, "ಇನ್ನು ನಿಮ್ಮ ಗಾಡಿ ಇಲ್ಲಿಗೆ ತರಬೇಡಿ" ಎಂದ. ಸಿಟ್ಟು ಬಂತು, ಅಂದರೆ ಮಾಡಿದ್ದಾನೆ ಎಂದು ವ್ಯಾಪಾರಿ ಲೆಕ್ಕ ಹಾಕಿದ.

ಸದ್ದು ನಿಲ್ಲಲಿಲ್ಲ. ಭಾವಮೈದ ಕಾರನ್ನು ಹೊಟ್ಟೆಕಿಚ್ಚಿನಿಂದ ಹಾಳುಮಾಡುತ್ತಿದ್ದಾನೆ ಎಂದು ಈಗ ಅನ್ನಿಸಿತು. ಕಾರು ಒಯ್ಯಲು ಬಂದಿದ್ದ ಅವನ ಕೈಯಿಂದ ಕೀಲಿ ಕಿತ್ತುಕೊಂಡ. ಹೆಂಡತಿ ಅದನ್ನು ನೋಡಿದಳು. ಅಂದಿನಿಂದ ತಮ್ಮನ ಫೋನ್ ಬಂದರೆ ಅವಳು ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದಳು. ಅಲ್ಲಿ ಏನು ಮಾತಾಡುತ್ತಾರೆ ಎಂದು ವ್ಯಾಪಾರಿ ಕಿಟಕಿಯ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ. ತಾಯಿಯ ಮೊಣಕಾಲು ನೋವಿನ ಮಾತು, ಜೋಳದ ರೇಟಿನ ಮಾತು. ಅದಕ್ಕೆ ಬೇರೆ ಅರ್ಥವಿರಬೇಕು ಎಂದು ಅವನು ಅಂದುಕೊಂಡ.

ಒಂದು ಬೆಳಿಗ್ಗೆ ಗಂಡ ಹೆಂಡತಿ ಅವಳ ಸೋದರಮಾವನ ಮನೆಯ ಗೃಹಪ್ರವೇಶಕ್ಕೆ ಹೊರಟರು. ಉಡುಗೊರೆಯ ಹಂಡೆ, ಕೊಳಗ ಡಿಕ್ಕಿಯಲ್ಲಿದ್ದವು. ರಸ್ತೆಯಲ್ಲಿ ಒಂದು ತಗ್ಗು ಬಂತು. ಕಾರು ಅದರಲ್ಲಿ ಇಳಿದು ಮೇಲಕ್ಕೆ ಪುಟಿಯಿತು. ಹಿಂದಿನ ಒಂದು ಸ್ಪ್ರಿಂಗು ಕೂತ ಜಾಗ ಬಿಟ್ಟು ಕಳಚಿತು. ಆ ಬದಿ ಕುಸಿದು ಚಕ್ರ ಕಚ್ಚಿಕೊಂಡಿತು. ಕಾರು ಗಿರ್ರನೆ ತಿರುಗಿ ಪಕ್ಕದ ಹೊಲಕ್ಕೆ ನುಗ್ಗಿ ನಿಂತಿತು. ವ್ಯಾಪಾರಿಗೆ ಏನೂ ಆಗಲಿಲ್ಲ. ಹೆಂಡತಿಯ ಬಲಗೈ ಮುರಿಯಿತು.

ಸ್ವಲ್ಪ ಹೊತ್ತಿನಲ್ಲೇ ಭಾವಮೈದ ಬಾಡಿಗೆಯ ಒಂದು ಟೆಂಪೊ ತಂದು ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದ. ಆಸ್ಪತ್ರೆಯಲ್ಲಿ ಹೆಂಡತಿಯ ಹಾಸಿಗೆಯ ಪಕ್ಕ ಕುಳಿತು ವ್ಯಾಪಾರಿ ಮೊದಲು ಕೇಳಿದ್ದು ಇದು: "ನಿನ್ನ ತಮ್ಮ ಇಷ್ಟು ಬೇಗ ಹೇಗೆ ಬಂದ?"

ಹೆಂಡತಿ, "ನಾನೇ ಫೋನ್ ಮಾಡಿದೆ" ಎಂದಳು. "ಕರೆಯಲು ಬೇರೆ ಯಾರನ್ನು ಉಳಿಸಿದ್ದೀರಿ?"

ಆಸ್ಪತ್ರೆಯಿಂದ ಅವಳು ತಮ್ಮನ ಮನೆಗೆ ಹೋದಳು. ಕೈ ಕೂಡಿಕೊಂಡ ಮೇಲೂ ಅಲ್ಲೇ ಉಳಿದಳು. ಅವನು ಕರೆಯಲು ಹೋದಾಗಲೆಲ್ಲ, "ಇನ್ನಷ್ಟು ದಿನ ಹೋಗಲಿ" ಎನ್ನುತ್ತಿದ್ದಳು.

ಕಾರನ್ನು ಎಳೆದು ತಂದು ಎತ್ತಿ ನಿಲ್ಲಿಸಿದಾಗ ಎಲ್ಲ ಕಂಡಿತು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಸೋರಿ, ಅದರ ಮೇಲೆ ಧೂಳು ಕೂತು ಗಟ್ಟಿಯಾಗಿತ್ತು. ಟೈರು ಮೇಲಿನ ತಗಡಿಗೆ ತಾಗಿ ತಾಗಿ ಒಂದು ಅಂಚು ಸವೆದು ನೂಲು ಎದ್ದಿತ್ತು. ಸ್ಪ್ರಿಂಗಿನ ಮೇಲೆ ಅವನು ಗೀರಿದ ಗುರುತು ಮಾತ್ರ ಹಾಗೇ ಇತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಲಾಭವಿದ್ದವರು ನಿಜ ಹೇಳಿದರು, ಲಾಭವಿಲ್ಲದ ದಾರಿಹೋಕ ಸುಳ್ಳು ಹೇಳಿದ ಎಂದಾಯಿತೇ?"

"ದಾರಿಹೋಕನೂ ಸುಳ್ಳು ಹೇಳಲಿಲ್ಲ. ಅವನು ಒಬ್ಬನೇ ಓಡಾಡುವವನು. ಅವನ ಡಿಕ್ಕಿ ಖಾಲಿ, ಅವನ ಊರಿನ ರಸ್ತೆ ನುಣುಪು."

"ಮತ್ತೆ ಈ ನಾಲ್ವರಲ್ಲಿ ಅವನು ಯಾರನ್ನು ನಂಬಬೇಕಿತ್ತು, ಗುರುಗಳೇ?"

ಗುರುಗಳು ಹೇಳಿದರು: "ನಾಲ್ವರ ಮನಸ್ಸಿನೊಳಗೂ ಇಣುಕಿದವನು, ಒಂದು ದಿನವಾದರೂ ತನ್ನ ಕಾರಿನ ಕೆಳಗೆ ಬಗ್ಗಿ ನೋಡಿದನೇ?"